ಖಾನಾಪುರ ಗಡಿಯ ಸಿದ್ದಿ ಹೋರಾಟಗಾರರು ಮತ್ತು ಸೇನಾ ಸ್ಮರಣಿಕೆಗಳು

ವಸಾಹತು ಯುದ್ಧಗಳಲ್ಲಿ ಆಫ್ರಿಕಾದವರು ಎಂದರೆ ಯುರೋಪಿಯನ್ ದಂಡುಗಳಿಗೆ ದಾರಿ ತೋರಿಸಿದ ಬೇಹಿನವರೂ ಆ ದಂಡುಗಳ ಸ್ಥಳೀಯ ಸಿಪಾಯಿಗಳಾದ ಅಸ್ಕರಿಗಳೂ ನೆನಪಾಗುತ್ತಾರೆ. ಬೆಳಗಾವಿ ಸೀಮೆಯಲ್ಲಿ ಈ ಚಿತ್ರ ತಿರುವುಮುರುವಾಗಿದೆ. ಖಾನಾಪುರದ ದಕ್ಷಿಣಕ್ಕೆ ಹಬ್ಬಿದ ಕಾಡಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ಬ್ರಿಟಿಷರಿಗೆ ಎದುರು ನಿಂತರು. ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡ ಮರಾಠಾ ಲಘು ಪದಾತಿದಳದ ಸಿಪಾಯಿಗಳು ಬ್ರಿಟಿಷರ ಪರವಾಗಿ ಆಫ್ರಿಕಾದಲ್ಲಿ ಕಾದಿದರು. ಎರಡನೆಯವರ ನೆನಪು ಪದಕ, ಬಿರುದು, ಧ್ವಜಗಳಲ್ಲಿ ಉಳಿದಿದೆ. ಮೊದಲನೆಯವರದು ಹಾಗೆ ಉಳಿದಿಲ್ಲ. ಆದ್ದರಿಂದ ಸ್ಮರಣಿಕೆಗಳ ಸಂಗ್ರಹವನ್ನೇ ಯುದ್ಧದ ಲೆಕ್ಕವೆಂದು ಓದಿದರೆ ಈ ಪ್ರದೇಶದ ಅರ್ಧ ಚರಿತ್ರೆ ಕೈಬಿಟ್ಟುಹೋಗುತ್ತದೆ.

ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟ ಹತ್ತಿದರು. ಖಾನಾಪುರ, ಹಳಿಯಾಳ, ಯಲ್ಲಾಪುರ, ಕಲಘಟಗಿ ಕಡೆಯ ಸಿದ್ದಿ ವಸತಿಗಳ ಹಿನ್ನೆಲೆಯಲ್ಲಿ ಈ ವಲಸೆ ಮುಖ್ಯವಾದುದು. ಕಾಡು ಅವರಿಗೆ ಆಶ್ರಯವಾಗಿತ್ತು; ಅದರ ಒಳದಾರಿಗಳ ಅರಿವು ಆಯುಧವೂ ಆಯಿತು. 1829–30ರಲ್ಲಿ ಸಂಗೊಳ್ಳಿ ರಾಯಣ್ಣ ಕಿತ್ತೂರು ಸಂಸ್ಥಾನದ ಪರವಾಗಿ ಬೀಡಿ, ನಂದಗಡ ಭಾಗದಲ್ಲಿ ಸರ್ಕಾರಿ ಕಚೇರಿಗಳ ಮೇಲೆ ದಾಳಿಯಿಟ್ಟಾಗ ಗಜವೀರನೆಂಬ ಸಿದ್ದಿ ಅವನ ಬಲಗೈಯಂತಿದ್ದನೆಂದು ಜನಪದ ಹೇಳುತ್ತದೆ. ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಗಜವೀರ ಮುಖ್ಯವಾಗಿ ಬಾಯಿಮಾತಿನಲ್ಲಿ ಬಂದ ವ್ಯಕ್ತಿ. ಸಿದ್ದಿ ಬಸ್ತ್ಯಾನನ ಸಂಗತಿ ಬೇರೆ. ಉತ್ತರ ಕನ್ನಡದ ಸೂಪಾದಲ್ಲಿ 1858–59ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಂಡಾಯದಲ್ಲಿ, ಅದರ ನಾಯಕರಾದ ಫಡ್ನೀಸ್ ಸಹೋದರರ ಜೊತೆ ಮುಂದಾಳಾಗಿದ್ದು 1859ರಲ್ಲಿ ಕಾದಾಟದಲ್ಲಿ ಮಡಿದ ಈತನನ್ನು ಬ್ರಿಟಿಷರ ದಾಖಲೆಗಳೇ ಹೆಸರಿಸುತ್ತವೆ. ಪೋರ್ಚುಗೀಸ್ ಛಾಯೆಯ ಆ ಹೆಸರು ಅವನ ಸಮುದಾಯದ ಗೋವಾ ನಂಟನ್ನೂ ಸೂಚಿಸುತ್ತದೆ.

ಸೂಪಾ ಬಂಡಾಯ ಅಷ್ಟು ಕಾಲ ತಾಳಿಕೊಂಡದ್ದಕ್ಕೆ ಭೂಗೋಳವೇ ಬಹುಪಾಲು ಕಾರಣವೆನ್ನಬೇಕು. ಆಗ ಸೂಪಾ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಖಾನಾಪುರ ಮುಂಬಯಿ ಪ್ರಾಂತ್ಯದಲ್ಲಿ, ಪಡುವಣದ ಇಳಿಜಾರು ಪೋರ್ಚುಗೀಸರ ಕೈಯಲ್ಲಿ. ಬಂಡಾಯಗಾರರು ಗೋವಾ ಗಡಿಯ ದರ್ಶನಿಗುಡ್ಡದಂಥ ಎತ್ತರದಿಂದ ಇಳಿದು ಸುಂಕದ ಕಟ್ಟೆ ಸುಟ್ಟು ಮತ್ತೊಂದು ಸರ್ಕಾರದ ಸೀಮೆಗೆ ದಾಟಿದರೆ, ಬೆನ್ನಟ್ಟಿದ ದಂಡು ಕಾಡಿಗೂ ಕಾಗದಪತ್ರಕ್ಕೂ ಒಟ್ಟಿಗೆ ಸಿಕ್ಕಿಬೀಳುತ್ತಿತ್ತು. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಹಳೆಯ ಸೂಪಾ ಊರು ಈಗ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಡಿ ಇದೆ. ನೆಲ ಅಗೆದು ಗುಂಡು, ಗುರಾಣಿ ಹುಡುಕುವ ಅವಕಾಶವೂ ಅಲ್ಲಿ ಇಲ್ಲವಾಗಿದೆ.

ಈ ಬಂಡಾಯಗಾರರು ಬರೀ ದರೋಡೆಕೋರರಲ್ಲವೇ ಎಂಬ ಆಕ್ಷೇಪ ಹಳೆಯದು. ವಸಾಹತು ಕಡತಗಳ ದನಿಯೂ ಅದೇ. ಆದರೆ ದಾಳಿಯ ಗುರಿ ನೋಡಬೇಕು. ಸುಂಕದ ಕಟ್ಟೆ ಎಂದರೆ ಗಡಿಯಲ್ಲಿ ಕೂತ ಸರ್ಕಾರದ ಬೊಕ್ಕಸ. ಅದನ್ನು ಸುಡುವುದು, 1857ರ ಬಿಸಿ ಆರದ ಹೊತ್ತಿನಲ್ಲಿ, ಆಳುವ ಹಕ್ಕನ್ನೇ ಕೆಣಕಿದಂತೆ. ಅವರು ಲೂಟಿ ಮಾಡಲಿಲ್ಲವೆಂದು ವಾದಿಸಬೇಕಿಲ್ಲ. ಲೂಟಿಯೂ ಬಂಡಾಯವೂ ಆ ಕಾಲದಲ್ಲಿ ಒಟ್ಟಿಗೇ ನಡೆಯುತ್ತಿದ್ದವು.

ಇನ್ನು ಸಂಗ್ರಾಹಕರ ಲೋಕ. 1857–58ರ ದಂಗೆಯ ದಮನಕ್ಕೆ ಬ್ರಿಟಿಷರು ಕೊಟ್ಟ ಬೆಳ್ಳಿ ಪದಕದ ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿ, ಇನ್ನೊಂದರಲ್ಲಿ ಸಿಂಹದ ಜೊತೆ ನಿಂತ ಬ್ರಿಟಾನಿಯಾ. ಬಿಳಿ ಪಟ್ಟಿಯಲ್ಲಿ ಎರಡು ಕೆಂಪು ಗೆರೆ. ಅಂಚಿನಲ್ಲಿ ಪಡೆದವನ ಹೆಸರು, ದಳ. ಸಂಗ್ರಾಹಕನ ಕಣ್ಣು ಮೊದಲು ಹೋಗುವುದೇ ಆ ಅಂಚಿಗೆ. ಹೆಸರು ಅಳಿಸಿದ್ದರೆ ಬೆಲೆ ಇಳಿಯುತ್ತದೆ. ಪದಕದ ಪಟ್ಟಿಗೆ ಸೇರಿಸುವ, ಕಾದಾಟದ ಹೆಸರು ಹೊತ್ತ ಬಿಲ್ಲೆಗಳು ದೆಹಲಿಗೆ, ಲಖನೌಗೆ, ಮಧ್ಯ ಭಾರತಕ್ಕೆ ಇವೆ; ಸೂಪಾ, ಖಾನಾಪುರಕ್ಕೆ ಇಲ್ಲ. ಗೆದ್ದವರ ಲೋಹದಲ್ಲೇ ಇಲ್ಲದ ಊರು, ಸೋತವರ ಲೋಹದಲ್ಲಿ ಸಿಗುವುದೆಲ್ಲಿ? ಇದಕ್ಕೆದುರಾಗಿ, 1922ರಿಂದ ಬೆಳಗಾವಿಯನ್ನು ನೆಲೆ ಮಾಡಿಕೊಂಡ ಮರಾಠಾ ದಳದ ಯುದ್ಧ ಬಿರುದುಗಳಲ್ಲಿ ಕೆರೆನ್ ಇದೆ. 1941ರಲ್ಲಿ ಎರಿಟ್ರಿಯಾದ ಆ ಬೆಟ್ಟಗಳಲ್ಲಿ ಅದರ ಸಿಪಾಯಿಗಳಿಗೆ ಎದುರಾದ ಇಟಲಿಯ ಪಡೆಯಲ್ಲಿ ಆಫ್ರಿಕಾದ ಅಸ್ಕರಿಗಳೂ ಇದ್ದರು.

ವಸ್ತುವಿಲ್ಲದ ಕಡೆ ಜನಪದವನ್ನು ತುರುಕಿ ವೀರಗಾಥೆ ಕಟ್ಟುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ. ಗಜವೀರನನ್ನು ಬಾಯಿಮಾತಿನ ಸಾಕ್ಷ್ಯವೆಂದೂ ಬಸ್ತ್ಯಾನನನ್ನು ಕಡತದ ಸಾಕ್ಷ್ಯವೆಂದೂ ಬೇರೆಬೇರೆ ಇಡಬೇಕು. ಯಾವುದೋ ಹಳೆಯ ಕತ್ತಿಗೆ ಅವರ ಹೆಸರು ಅಂಟಿಸುವುದು ಅವರಿಗೇ ಮಾಡುವ ಅನ್ಯಾಯ. ಪದಕ ಕೂಡಿಡುವುದು ವಸಾಹತಿನ ವೈಭವೀಕರಣ ಎಂಬ ಮಾತನ್ನೂ ಒಪ್ಪಲಾಗದು, ಏಕೆಂದರೆ ಅಂಚಿನ ಮೇಲಿನ ಹೆಸರು ಎಷ್ಟೋ ಬಡ ಸಿಪಾಯಿಗಳ ಏಕೈಕ ಲಿಖಿತ ಗುರುತು. ನೂರು ವರ್ಷ ದಾಟಿದ ಇಂಥ ಐತಿಹಾಸಿಕ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಸಿದ್ದಿಗಳನ್ನು ಹೆಸರಿಸಿ ಗುರುತಿಸುವ ವಿಷಯದಲ್ಲಿ ಸರ್ಕಾರವೂ ತಡವಾಗಿಯೇ ಎಚ್ಚೆತ್ತಿತು: ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರೆ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.