ಅಳತೆಗೋಲನ್ನು ಅಳೆಯುವುದು ಯಾವುದರಿಂದ?

ಕಾನೂನು ಎಂಬ ಮಾತು ನಮಗೆ ಬಂದದ್ದು ಅರಬ್ಬಿಯಿಂದ. ಅರಬ್ಬಿಗೆ ಅದು ಗ್ರೀಕರ ‘ಕಾನೊನ್’ ಎಂಬ ಶಬ್ದದಿಂದ ಬಂದಿತು. ಅದರ ಮೂಲಾರ್ಥ ಅಳತೆಗೋಲು. ಮನುಷ್ಯರ ನಡತೆಯನ್ನು ಅಳೆಯುವ ಕೋಲು ಕಾನೂನಾದರೆ, ಆ ಕೋಲೇ ಡೊಂಕಾದಾಗ ಅದನ್ನು ಅಳೆಯುವುದು ಯಾವುದರಿಂದ? ಆಳುವವನಿಗೂ ಮೇಲಾದುದು ಧರ್ಮ, ಅದರ ಬಲದಿಂದ ದುರ್ಬಲನೂ ಬಲಿಷ್ಠನನ್ನು ಎದುರಿಸಬಲ್ಲನು ಎಂಬುದು ಬೃಹದಾರಣ್ಯಕೋಪನಿಷತ್ತಿನ ಅಭಿಪ್ರಾಯ. ಅನ್ಯಾಯದ ಶಾಸನವು ಶಾಸನವೆಂಬ ಹೆಸರಿಗೇ ಅರ್ಹವಲ್ಲವೆಂದು ರೋಮಿನ ಸಿಸೆರೊ ವಾದಿಸಿದನು. ಮನುಷ್ಯಕೃತ ಶಾಸನಕ್ಕಿಂತ ಹಿರಿದಾದ ಈ ನ್ಯಾಯವನ್ನೇ ನಿಸರ್ಗಸಿದ್ಧ ನ್ಯಾಯವೆನ್ನುವರು.

ಇದು ಬರಿಯ ಪಂಡಿತರ ಚರ್ಚೆಯಲ್ಲವೆಂಬುದು ನಮ್ಮ ದೇಶದಲ್ಲಿಯೇ ಒಮ್ಮೆ ಮನದಟ್ಟಾಯಿತು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಿತವಾಯಿತು. ಎರಡು ದಿನಗಳ ತರುವಾಯ ಹೊರಟ ರಾಷ್ಟ್ರಪತಿಗಳ ಆಜ್ಞೆಯು, ಜೀವ ಮತ್ತು ಸ್ವಾತಂತ್ರ್ಯಗಳನ್ನು ಕಾಯುವ 21ನೆಯ ವಿಧಿಯ ಆಧಾರದಿಂದ ಯಾರೂ ನ್ಯಾಯಾಲಯಕ್ಕೆ ಹೋಗದಂತೆ ತಡೆಯಿತು. ಆದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಮೊರೆಯನ್ನು ಕೇಳಲು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಒಪ್ಪಿದವು. ಸರ್ಕಾರವು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಜಬಲ್ಪುರದ ಮೊಕದ್ದಮೆಯೆಂದು ಹೆಸರಾದುದು ಇದೇ.

ವಾದ ನಡೆಯುತ್ತಿದ್ದಾಗ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ಪೊಲೀಸಿನವನೊಬ್ಬನು ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೆ ಪರಿಹಾರವುಂಟೆ ಎಂದು ಕೇಳಿದರು. ಆಜ್ಞೆ ಜಾರಿಯಲ್ಲಿರುವವರೆಗೆ ಇಲ್ಲವೆಂದು ಅಟಾರ್ನಿ ಜನರಲ್ ನಿರೇನ್ ಡೇ ಉತ್ತರವಿತ್ತರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಅವರೊಬ್ಬರೇ ಒಪ್ಪಲಿಲ್ಲ. ಜೀವದ ಹಕ್ಕು ಸಂವಿಧಾನ ಕೊಟ್ಟ ದಾನವಲ್ಲ, ಸಂವಿಧಾನ ಹುಟ್ಟುವ ಮುಂಚೆಯೂ ಅದು ಇದ್ದಿತು ಎಂಬುದು ಅವರ ನಿಲುವಿನ ತಿರುಳು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನವು ಅವರಿಗೆ ತಪ್ಪಿ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆಯಿತ್ತು ಹೊರನಡೆದರು.

ಆ ಒಂಟಿ ದನಿ ವ್ಯರ್ಥವಾಗಲಿಲ್ಲ. 1978ರ 44ನೆಯ ತಿದ್ದುಪಡಿಯು, ತುರ್ತು ಪರಿಸ್ಥಿತಿಯಲ್ಲಿಯೂ 21ನೆಯ ವಿಧಿಯ ರಕ್ಷಣೆಯನ್ನು ತಡೆಹಿಡಿಯಲಾಗದಂತೆ ಮಾಡಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟು ಹಳೆಯ ತೀರ್ಪನ್ನು ತಳ್ಳಿಹಾಕಿತು. 1976ರ ನಾಲ್ವರಲ್ಲಿ ವೈ. ವಿ. ಚಂದ್ರಚೂಡರು ಒಬ್ಬರು, ಅದು ತಪ್ಪೆಂದು 2017ರಲ್ಲಿ ಬರೆದವರು ಅವರ ಮಗ ಡಿ. ವೈ. ಚಂದ್ರಚೂಡರು.

ನಿಸರ್ಗಸಿದ್ಧ ನ್ಯಾಯಕ್ಕೆ ಪೊಲೀಸರಿಲ್ಲ, ಸೆರೆಮನೆಯಿಲ್ಲ. ಅದು ಮನುಷ್ಯರ ಅಂತಃಸಾಕ್ಷಿಯಲ್ಲಿ ಬಾಳುತ್ತದೆ; ಶಾಸನವಾಗಿ ಬರೆಯಿಸಿಕೊಂಡ ಮೇಲೆಯೇ ಸೆರೆಯ ಬಾಗಿಲು ತೆರೆಯಬಲ್ಲುದು. ಇಲ್ಲಿ ಹಾಗೆ ಪೂರ್ಣವಾಗಿ ಬರೆಯಿಸಿಕೊಳ್ಳಲು ನಾಲ್ವತ್ತೊಂದು ವರ್ಷಗಳು ಹಿಡಿದವು. ಕೋಲು ಡೊಂಕಾಗಿದೆಯೆಂದು ಹೇಳುವವನೊಬ್ಬನಾದರೂ ಇದ್ದುದರಿಂದಲೇ ಅದನ್ನು ನೇರ ಮಾಡುವ ದಿನ ಬಂದಿತು.