ಗದ್ದವಿಲ್ಲದ ಮುಖವಾಡ

ರೇಡಿಯೋದಲ್ಲಿ ನಮ್ಮ ಮುಖ ನಿಮಗೆ ಕಾಣುವುದಿಲ್ಲ. ಮುಖ ಮರೆಯಾದಾಗ ಮಾತಿಗೆ ಒಂದಿಷ್ಟು ಧೈರ್ಯ ಬರುವುದುಂಟು. ದಕ್ಷಿಣ ಕೊರಿಯಾದ ಹಾಹ್ವೆ ಹಳ್ಳಿಯವರು ಈ ಗುಟ್ಟನ್ನು ನೂರಾರು ವರ್ಷಗಳ ಹಿಂದೆಯೇ ಅರಿತಿದ್ದರು.

ಆನ್‌ದೊಂಗ್ ನಗರದ ಬಳಿಯ ಈ ಹಳ್ಳಿಯನ್ನು ನಾಕ್ದೊಂಗ್ ನದಿ ಬಳಸಿ ಹರಿಯುತ್ತದೆ. ಊರಿಗೆ ಒಳಿತಾಗಲೆಂದು, ಬೆಳೆ ಚೆನ್ನಾಗಿ ಬರಲೆಂದು ಕೆಲವು ವರ್ಷಗಳಿಗೊಮ್ಮೆ ಗ್ರಾಮದೇವತೆಯ ಪೂಜೆ. ಅದರೊಡನೆ ಮುಖವಾಡದ ಆಟ. ಜಂಬದ ಜಮೀನ್ದಾರ, ಪಂಡಿತ, ದಾರಿ ತಪ್ಪಿದ ಸನ್ಯಾಸಿ, ಕಟುಕ, ಬಡ ಮುದುಕಿ, ಆಳು ಎಲ್ಲರೂ ಅದರ ಪಾತ್ರಗಳು.

ಒಂದು ದೃಶ್ಯ ಕೇಳಿ. ಜಮೀನ್ದಾರ ತಾನು 'ಸಾದೆಬು', ಅಂದರೆ ದೊಡ್ಡ ಅಧಿಕಾರಿಗಳ ವಂಶದವನು ಎಂದು ಬೀಗುತ್ತಾನೆ. ಕೊರಿಯನ್ ಭಾಷೆಯಲ್ಲಿ 'ಸಾ' ಎಂದರೆ ನಾಲ್ಕು ಎಂದೂ ಆಗುತ್ತದೆ. ಪಂಡಿತ ಬಿಟ್ಟಾನೆಯೇ? ತನ್ನದು 'ಪಾಲ್‌ದೆಬು' ಎನ್ನುತ್ತಾನೆ. 'ಪಾಲ್' ಎಂದರೆ ಎಂಟು! ಅಂಥದೊಂದು ದರ್ಜೆ ಎಲ್ಲೂ ಇಲ್ಲ. ನೋಡುವವರಿಗೆ ನಗುವೋ ನಗು.

ಸೋಜಿಗವೆಂದರೆ, ಈ ಆಟಕ್ಕೆ ನೆರವು ಕೊಡುತ್ತಿದ್ದವರು ಅದೇ ಊರಿನ ರ್ಯು ಮನೆತನದ ದೊಡ್ಡವರು. ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡವರು ಆಟದ ದಿನ ಬಾಯಿ ಬಿಡಬಹುದಿತ್ತು. ಮುಖವಾಡ ಕಳಚಿದರೆ ಆಳು ಮತ್ತೆ ಆಳೇ. ಆದರೆ ಒಡೆಯನ ಎದುರೇ ನಕ್ಕದ್ದು ಸುಳ್ಳಾಗುತ್ತದೆಯೇ?

ಆಲ್ಡರ್ ಮರದ ಈ ಮುಖವಾಡಗಳು ಗೊರ್ಯೊ ಕಾಲದವು (918–1392) ಎನ್ನುತ್ತಾರೆ. ಜಮೀನ್ದಾರನ ಗದ್ದವನ್ನು ದಾರದಿಂದ ಕಟ್ಟಿರುತ್ತಾರೆ. ನಟ ತಲೆ ಎತ್ತಿದರೆ ಮುಖ ನಗುತ್ತದೆ, ತಗ್ಗಿಸಿದರೆ ಸಿಡುಕುತ್ತದೆ. ಬೇರೆ ಹಲವು ಊರುಗಳಲ್ಲಿ ಆಟ ಮುಗಿದೊಡನೆ ಮುಖವಾಡ ಸುಡುತ್ತಿದ್ದರು. ಇಲ್ಲಿ ಪವಿತ್ರವೆಂದು ಕಾಪಾಡಿದರು.

ಇವನ್ನು ಕೆತ್ತಿದವನು ಹೊ ಎಂಬ ತರುಣ ಎಂಬುದು ಐತಿಹ್ಯ. ಕೆಲಸ ಮುಗಿಯುವವರೆಗೆ ಯಾರೂ ನೋಡಬಾರದೆಂಬುದು ದೇವರ ಕಟ್ಟಳೆ. ಅವನನ್ನು ಪ್ರೀತಿಸಿದ ಹುಡುಗಿ ತಡೆಯಲಾರದೆ ಇಣುಕಿದಳು. ಅವನು ರಕ್ತ ಕಾರಿ ಸತ್ತ. ಹಾಗಾಗಿ 'ಇಮೆ' ಎಂಬ ಪೆದ್ದನ ಮುಖವಾಡಕ್ಕೆ ಗದ್ದವೇ ಇಲ್ಲವಂತೆ.

ಜಪಾನಿನ ಆಳ್ವಿಕೆಯಲ್ಲಿ, 1928ರ ನಂತರ, ಆಟ ನಿಂತುಹೋಯಿತು. ಹನ್ನೆರಡು ಪಾತ್ರಗಳಲ್ಲಿ ಮೂರರ ಮುಖವಾಡಗಳು ಕಾಣೆಯಾದವು. ಉಳಿದವನ್ನು 1964ರಲ್ಲಿ ರಾಷ್ಟ್ರೀಯ ನಿಧಿ ಎಂದು ಘೋಷಿಸಲಾಯಿತು. ಮರವೇನೋ ಉಳಿಯಿತು, ಕುಣಿತ? 1928ರ ಆಟದಲ್ಲಿ ಮದುಮಗಳ ಪಾತ್ರ ಮಾಡಿದ್ದ ಹುಡುಗ ಮುದುಕನಾಗಿ ಬದುಕಿದ್ದ. 1970ರ ದಶಕದಲ್ಲಿ ಆಟಕ್ಕೆ ಮರುಜೀವ ಬಂದಾಗ ಅವನ ನೆನಪೇ ಆಸರೆಯಾಯಿತು. 2022ರಲ್ಲಿ ಕೊರಿಯಾದ ಮುಖವಾಡದ ಕುಣಿತ ಯುನೆಸ್ಕೋ ಪಟ್ಟಿಯನ್ನೂ ಸೇರಿತು.

ಮಿತ್ರರೇ, ನಿಮ್ಮ ಮನೆಯ ಹಿರಿಯರಿಗೆ ಯಾವ ಆಟ, ಯಾವ ಹಾಡು ನೆನಪಿದೆ? ಇವತ್ತೇ ಕೇಳಿಬಿಡಿ.