ಸಸ್ಯ ಪೋಷಕಾಂಶ ಚಕ್ರದ ಮಾದರಿಗಳು: ಉಪಗ್ರಹದಿಂದ ಪರೀಕ್ಷೆ

ಗಿಡಮರಗಳು ಮಣ್ಣಿನಿಂದ ಸಾರಜನಕ, ರಂಜಕಗಳನ್ನು ಹೀರಿ, ಎಲೆ ಉದುರಿಸಿ ಮತ್ತೆ ಮಣ್ಣಿಗೆ ಒಪ್ಪಿಸುವ ಚಕ್ರವನ್ನು ಲೆಕ್ಕದಲ್ಲಿ ಹಿಡಿದಿಡುವ ಮಾದರಿಗಳನ್ನು ಉಪಗ್ರಹದ ಅಳತೆಗಳಿಂದ ಒರೆಗೆ ಹಚ್ಚುವ ವಿಧಾನ. ಇಲ್ಲಿ ಉಪಗ್ರಹ ಅಳೆಯುವುದು ಪೋಷಕಾಂಶವನ್ನಲ್ಲ, ಹಸಿರನ್ನು. ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಂಡರೆ ಎಲೆಯ ಒಳರಚನೆ ಅವಕೆಂಪನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಈ ಅಂತರವೇ ಹಸಿರಿನ ಸೂಚ್ಯಂಕಕ್ಕೆ ಆಧಾರ.

1972ರ ಲ್ಯಾಂಡ್‌ಸ್ಯಾಟ್-1ರಿಂದ ಈ ಸೂಚ್ಯಂಕ ಬಳಕೆಗೆ ಬಂತು. 1981ರಲ್ಲಿ ಹಾರಿದ ನೋವಾ-7ರಿಂದ ಇಡೀ ಭೂಮಿಯ ಹಸಿರಿನ ಸತತ ದಾಖಲೆ ಶುರುವಾಯಿತು. ಭಾರತದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಕಕ್ಷೆ ಸೇರಿತು.

ಇಂಗಾಲದ ಡೈಆಕ್ಸೈಡ್ ಏರಿದಂತೆ ಸಸ್ಯಗಳು ಹೆಚ್ಚು ಬೆಳೆಯುತ್ತವೆ ಎಂದು ಹವಾಮಾನ ಮಾದರಿಗಳು ಹೇಳುತ್ತಿದ್ದವು. ಅಷ್ಟು ಬೆಳೆಯಲು ಸಾರಜನಕ ಎಲ್ಲಿದೆ ಎಂದು 2003ರಲ್ಲಿ ಹಂಗೇಟ್ ಮತ್ತು ಸಂಗಡಿಗರು ಕೇಳಿದರು. 2012ರಲ್ಲಿ ಫಿಶರ್, ಬ್ಯಾಜ್ಲಿ, ಬ್ಲೈತ್ ಜಾಣ ದಾರಿಯೊಂದನ್ನು ಹಿಡಿದರು: ನೀರು, ಬಿಸಿಲಿಗೆ ತಕ್ಕಂತೆ ಇರಬೇಕಾದ ಬೆಳವಣಿಗೆಗೂ ಉಪಗ್ರಹಕ್ಕೆ ಕಂಡದ್ದಕ್ಕೂ ಇರುವ ಕೊರತೆಯನ್ನು ಪೋಷಕಾಂಶದ ಕೊರತೆಯೆಂದು ಎಣಿಸಿದರು. ಜಗತ್ತಿನ ಸರಾಸರಿ ಶೇ. 16ರಿಂದ 28 ಎಂದು ಬಂತು. 2016ರಲ್ಲಿ ಸ್ಮಿತ್ ತಂಡ, ಮಾದರಿಗಳು ತೋರುವ ಬೆಳವಣಿಗೆಯ ಹೆಚ್ಚಳ ಉಪಗ್ರಹದ ಅಂದಾಜಿಗಿಂತ ಎರಡು ಪಟ್ಟಿಗೂ ಮಿಕ್ಕಿದೆ ಎಂದಿತು. ಆ ಅಂದಾಜೂ ಒಂದು ಲೆಕ್ಕವೇ, ಅದರಲ್ಲಿ ಇಂಗಾಲದ ಡೈಆಕ್ಸೈಡಿನ ನೇರ ಪರಿಣಾಮ ಸೇರಿಲ್ಲ ಎಂಬ ಆಕ್ಷೇಪವೂ ಕೂಡಲೇ ಎದ್ದಿತು. ಆಕ್ಷೇಪದಲ್ಲಿ ಹುರುಳಿದೆ.

ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಗೂಗಲ್ ಊರಿನ ಸೀಮೆಯಂಥಲ್ಲಿ ತೊಡಕು ಬೇರೆಯೇ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ, ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ. ನೀರು ಹರಿದ ಕಡೆ ಭತ್ತ, ಹರಿಯದ ಎರೆಹೊಲದಲ್ಲಿ ಜೋಳ, ತೊಗರಿ, ಹತ್ತಿ. ನೋವಾ ಸರಣಿಯ ದೀರ್ಘ ದಾಖಲೆಯಲ್ಲಿ ಒಂದು ಚುಕ್ಕಿ ಎಂದರೆ ಸುಮಾರು 8 ಕಿ.ಮೀ. ಅಗಲದ ನೆಲ, ಹೊಳೆ, ಗದ್ದೆ, ಕಲ್ಲುಗುಡ್ಡ ಎಲ್ಲ ಅದರಲ್ಲಿ ಕಲಸಿಹೋಗುತ್ತವೆ. 1999ರಲ್ಲಿ ಹಾರಿದ ಟೆರ್ರಾದ ಮೋಡಿಸ್ ಉಪಕರಣ 250 ಮೀಟರಿಗೆ ಇಳಿದು ಈ ತೊಂದರೆಯನ್ನು ಬಹಳಷ್ಟು ಕಳೆಯಿತು.

ಆದರೆ ಗದ್ದೆಯ ಸಾರಜನಕದ ದೊಡ್ಡ ಪಾಲು ಬರುವುದು ಉದುರಿದ ಎಲೆಯಿಂದಲ್ಲ, ಯೂರಿಯಾ ಚೀಲದಿಂದ. ಮೋಡಿಸ್ ದಾಖಲೆ ಬಳಸಿದ 2019ರ ಅಧ್ಯಯನವೊಂದು ಭಾರತದ ಹಸಿರು ಹೆಚ್ಚಳದಲ್ಲಿ ಶೇ. 82 ಹೊಲಗದ್ದೆಗಳದ್ದೆಂದು ಲೆಕ್ಕಹಾಕಿತು. ಕಾಲುವೆಯನ್ನೂ ಗೊಬ್ಬರವನ್ನೂ ಬಿಟ್ಟ ಮಾದರಿ ಇಲ್ಲಿ ಉಪಗ್ರಹದ ಚಿತ್ರಕ್ಕೆ ಹೊಂದಿಕೊಂಡರೂ ಅದು ಸರಿಯೆಂದು ಸಾಬೀತಾಗುವುದಿಲ್ಲ. ಮಣ್ಣು ಪರೀಕ್ಷೆಯ ಫಲಿತಾಂಶ, ಗೊಬ್ಬರ ಬಳಕೆಯ ಲೆಕ್ಕಗಳನ್ನೂ ಜೊತೆಗಿಡಬೇಕಾಗುತ್ತದೆ.